ವಿಲಂಬಕ್ಕಿಳಿಯುವ ಜಾಲ

ಎರಡು ಪೆನ್ಸಿಲ್ ಸೆಲ್ಲುಗಳಲ್ಲಿ ತಿಂಗಳುಗಟ್ಟಲೆ ಬಾಳಬೇಕಾದ ಪುಟ್ಟ ಸೆನ್ಸರ್‌ಗೆ ಮಾತು ಬಲು ದುಬಾರಿ. ರೇಡಿಯೊ ಎಚ್ಚರವಿದ್ದಷ್ಟು ಹೊತ್ತೂ ಆಯುಸ್ಸು ಕರಗುತ್ತಿರುತ್ತದೆ. ಆದರೂ ಕಾಡಿನಲ್ಲೋ ಹೊಲದಲ್ಲೋ ಹರಡಿಕೊಂಡ ಇಂಥವು ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತ ಬೇಸ್ ಸ್ಟೇಷನ್ ಮುಟ್ಟಿಸುತ್ತವೆ. ಯಾವ ದಾರಿಯಲ್ಲಿ?

2003ರಲ್ಲಿ ಎಂಐಟಿಯ ಡಗ್ಲಸ್ ಡಿ ಕೌಟೊ ಮತ್ತು ಸಂಗಡಿಗರು ಇಟಿಎಕ್ಸ್ ಎಂಬ ಅಳತೆ ಕೊಟ್ಟರು. ಹೆಜ್ಜೆಗಳೆಷ್ಟು ಎಂದಲ್ಲ, ಪ್ಯಾಕೆಟ್ ತಲುಪಲು ಎಷ್ಟು ಸಲ ಕಳಿಸಬೇಕಾದೀತು ಎಂದು ಎಣಿಸಿದರು. ದೂರದವನಿಗೆ ನಮ್ಮ ಕೂಗು ಹತ್ತಕ್ಕೆ ಐದು ಸಲ ಕೇಳಿಸುತ್ತದೆ, ಅವನ ‘ಸಿಕ್ಕಿತು’ ನಮಗೂ ಅಷ್ಟೇ ಎನ್ನಿ. ಅರ್ಧದಲ್ಲಿ ಅರ್ಧ ಕಾಲು. ಸರಾಸರಿ ನಾಲ್ಕು ಸಲ ಕೂಗಬೇಕು. ಹತ್ತಿರದವನೊಡನೆ ಎರಡು ಕಡೆಯೂ ಹತ್ತಕ್ಕೆ ಒಂಬತ್ತಾದರೆ 1.23 ಸಾಕು. ಅಂಥ ಎರಡು ಹೆಜ್ಜೆ ಸೇರಿದರೂ ಎರಡೂವರೆ ಮುಟ್ಟದು. ಸುತ್ತುದಾರಿಯೇ ಹತ್ತಿರ! ಈ ಗುಣಾಕಾರವನ್ನು ಎಷ್ಟು ಸಲ ಮಾಡಿದರೂ ನನಗೆ ಹಿತ.

ಆದರೆ ಮನಸ್ಸು ನಿಲ್ಲುವುದು ಟ್ರಿಕಲ್ ಎಂಬ ವಿಧಾನದಲ್ಲಿ. ಬರ್ಕ್ಲಿಯಲ್ಲಿ ಫಿಲಿಪ್ ಲೆವಿಸ್ ಮತ್ತು ಜೊತೆಗಾರರು 2004ರಲ್ಲಿ ಇದನ್ನು ರೂಪಿಸಿದ್ದು ಸೆನ್ಸರ್‌ಗಳಿಗೆ ಹೊಸ ಪ್ರೋಗ್ರಾಮ್ ಹಂಚಲೆಂದು. ಪ್ರತಿ ಸೆನ್ಸರ್ ಒಂದಿಷ್ಟು ಕಾಯುತ್ತದೆ. ತಾನು ಹೇಳಬೇಕಾದ್ದನ್ನೇ ನೆರೆಯವರು ಆಗಲೇ ಹೇಳಿದ್ದು ಕೇಳಿಸಿತೆ? ಸುಮ್ಮನಾಗುತ್ತದೆ. ಎಲ್ಲ ಹೊಂದಿಕೆಯಾಗಿದ್ದರೆ ಕಾಯುವ ಅವಧಿ ಇಮ್ಮಡಿಯಾಗುತ್ತದೆ, ಮತ್ತೆ ಇಮ್ಮಡಿ. ಕರ್ನಾಟಕ ಸಂಗೀತದಲ್ಲಿ ಮೂರನೆಯ ಕಾಲದ ವರ್ಣ ಎರಡಕ್ಕೆ, ಒಂದಕ್ಕೆ ಇಳಿದ ಹಾಗೆ. ಎಲ್ಲೋ ಒಂದು ಅಪಸ್ವರ ಕೇಳಿಸಿದರೆ ಥಟ್ಟನೆ ದ್ರುತ!

2009ರಲ್ಲಿ ಬೆಳಕಿಗೆ ಬಂದ ಸಿಟಿಪಿ ಎಂಬ ದಾರಿ ಹುಡುಕುವ ವಿಧಾನ ಈ ಲಯವನ್ನೇ ದಾರಿ ಸಾರುವ ಕೆಲಸಕ್ಕೆ ತೆಗೆದುಕೊಂಡಿತು. ಅಲ್ಲಿ ಪ್ರತಿ ಪ್ಯಾಕೆಟ್ಟೂ ತನ್ನನ್ನು ಕಳಿಸಿದವರು ಇಟಿಎಕ್ಸ್ ಲೆಕ್ಕದಲ್ಲಿ ಗುರಿಯಿಂದ ಎಷ್ಟು ದೂರವೆಂಬ ಅಂಕಿಯನ್ನು ಹೊತ್ತಿರುತ್ತದೆ. ನೀರು ಇಳಿಜಾರಿನಲ್ಲಿ ಹರಿದಂತೆ ಈ ಅಂಕಿ ಹೆಜ್ಜೆಹೆಜ್ಜೆಗೂ ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ದಾರಿ ಸುತ್ತಿಕೊಂಡಿದೆ ಎಂದರ್ಥ. ಸಿಟಿಪಿ ಆಗಲೂ ಪ್ಯಾಕೆಟ್ಟನ್ನು ಎಸೆಯುವುದಿಲ್ಲ. ಅರೆಗಳಿಗೆ ತಡೆದು, ತನ್ನ ಹೊಸ ಲೆಕ್ಕವನ್ನು ನೆರೆಯವರಿಗೆ ಅವಸರವಸರವಾಗಿ ಸಾರಿ, ಮುಂದಕ್ಕೆ ಬಿಡುತ್ತದೆ. ದಾರಿ ತಪ್ಪಿದ ಪ್ಯಾಕೆಟ್ಟೇ ಸುತ್ತನ್ನು ತೋರಿಸಿಕೊಟ್ಟು, ನೆರೆಯವರು ದಾರಿ ತಿದ್ದಿಕೊಂಡ ಮೇಲೆ, ಅದೇ ಹೊಸ ದಾರಿಯಲ್ಲಿ ಬೇಸ್ ಸ್ಟೇಷನ್ನಿನತ್ತ ಹೊರಡುತ್ತದೆ.