ಬಲಿಯಾದವರ ಬಾಗಿಲಿಗೆ ತಡವಾಗಿ ಬಂದ ಧರ್ಮಭಗಿನಿ



ಒಂದು ಪುಸ್ತಕವನ್ನೂ ಅದನ್ನು ಆಧರಿಸಿದ ಚಲನಚಿತ್ರವನ್ನೂ ಕುರಿತು ಈ ಬಾರಿ ನಿಮ್ಮೊಡನೆ ಮಾತನಾಡಬಯಸುತ್ತೇನೆ. ಎರಡೂ ಹೊಸವಲ್ಲ. ಅಮೆರಿಕದ ಧರ್ಮಭಗಿನಿ ಹೆಲೆನ್ ಪ್ರೆಜಾನ್ ಬರೆದ 'ಡೆಡ್ ಮ್ಯಾನ್ ವಾಕಿಂಗ್' 1993ರಲ್ಲಿ ಪ್ರಕಟವಾಯಿತು. ಟಿಮ್ ರಾಬಿನ್ಸ್ ನಿರ್ದೇಶಿಸಿದ ಅದೇ ಹೆಸರಿನ ಚಿತ್ರ 1995ರಲ್ಲಿ ತೆರೆಗೆ ಬಂದಿತು. ಧರ್ಮಭಗಿನಿಯ ಪಾತ್ರ ವಹಿಸಿದ ಸೂಸನ್ ಸರಂಡನ್ ಅವರಿಗೆ ಆಸ್ಕರ್ ಪ್ರಶಸ್ತಿಯೂ ದೊರೆಯಿತು. ನಮ್ಮಲ್ಲಿ ಪುಸ್ತಕವನ್ನು ಓದಿದವರಿಗಿಂತ ಚಿತ್ರವನ್ನು ಕಂಡವರೇ ಹೆಚ್ಚು. ಗುರುಮಠಗಳಲ್ಲೂ ಯುವಜನರ ಶಿಬಿರಗಳಲ್ಲೂ ಅದನ್ನು ತೋರಿಸುವ ರೂಢಿಯುಂಟು, ನಾನೂ ತೋರಿಸಿದ್ದೇನೆ. ದೀಪ ಹಾಕಿದಾಗ ಹಲವರ ಕಣ್ಣು ಒದ್ದೆಯಾಗಿರುತ್ತದೆ. ಆ ಕಣ್ಣೀರಿನ ಬಗೆಗೇ ನನಗೆ ಈಚೆಗೆ ಸಂಶಯ ಹುಟ್ಟಿದೆ.

ಕಥೆಯನ್ನು ಅರಿಯದವರಿಗಾಗಿ ಎರಡು ಮಾತು. 1982ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಬಡವರ ವಸತಿಯಲ್ಲಿ ಸೇವೆ ಮಾಡುತ್ತಿದ್ದ ಹೆಲೆನ್ ಅವರನ್ನು, ಮರಣದಂಡನೆಗೆ ಗುರಿಯಾದ ಒಬ್ಬ ಕೈದಿಗೆ ಪತ್ರ ಬರೆಯುವಿರಾ ಎಂದು ಒಬ್ಬರು ಕೇಳಿದರು. ಅವರು ಒಪ್ಪಿಕೊಂಡರು. ಆ ಕೈದಿಯ ಹೆಸರು ಪ್ಯಾಟ್ರಿಕ್ ಸೋನ್ಯೇ. 1977ರಲ್ಲಿ ಅವನೂ ಅವನ ತಮ್ಮನೂ ಸೇರಿ ಹದಿಹರೆಯದ ಒಬ್ಬ ಹುಡುಗನನ್ನೂ ಹುಡುಗಿಯನ್ನೂ ಅಪಹರಿಸಿದ್ದರು; ಇಬ್ಬರೂ ಗುಂಡೇಟಿಗೆ ಬಲಿಯಾದರು. ಪತ್ರವ್ಯವಹಾರ ಭೇಟಿಗೆ ತಿರುಗಿತು, ಭೇಟಿ ಆಧ್ಯಾತ್ಮಿಕ ಸಲಹೆಗಾರಿಕೆಗೆ ತಿರುಗಿತು. 1984ರ ಏಪ್ರಿಲ್ 5ರಂದು ಲೂಸಿಯಾನ ರಾಜ್ಯದ ಅಂಗೋಲಾ ಕಾರಾಗೃಹದಲ್ಲಿ ಸೋನ್ಯೇಯನ್ನು ವಿದ್ಯುತ್ ಕುರ್ಚಿಯಲ್ಲಿ ಕೊಂದಾಗ ಹೆಲೆನ್ ಅಲ್ಲಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಬ್ಬ ಕೈದಿಯ ಸಾವಿಗೂ ಸಾಕ್ಷಿಯಾದರು. ಈ ಎರಡು ಸಾವುಗಳ ಕಥನವೇ ಪುಸ್ತಕ.

ಚಿತ್ರವು ಈ ಇಬ್ಬರು ಕೈದಿಗಳನ್ನು ಒಬ್ಬನನ್ನಾಗಿ ಮಾಡಿ ಅವನಿಗೆ ಕಲ್ಪಿತ ಹೆಸರನ್ನಿಟ್ಟಿದೆ. ವಿದ್ಯುತ್ ಕುರ್ಚಿಯ ಬದಲು ವಿಷದ ಚುಚ್ಚುಮದ್ದನ್ನು ತಂದಿದೆ. ಕೊಲ್ಲುವ ವಿಧಾನ ನಯವಾದ ಮಾತ್ರಕ್ಕೆ ಕೊಲ್ಲುವ ಕೆಲಸ ನಯವಾಗದು ಎಂದು ಹೇಳುವುದಕ್ಕೆ ಅದು ಅನುಕೂಲವೇ ಆಯಿತು. ಆದರೆ ಚಿತ್ರದ ಕೊನೆಯ ಭಾಗವನ್ನು ಗಮನಿಸಿ. ಅಲ್ಲಿಯವರೆಗೆ ತಾನು ಕೊಲ್ಲಲಿಲ್ಲವೆಂದು ವಾದಿಸುತ್ತಿದ್ದ ಕೈದಿ ಸಾಯುವ ಮುನ್ನ ಅಳುತ್ತ ತಪ್ಪೊಪ್ಪಿಕೊಳ್ಳುತ್ತಾನೆ. ಅವನನ್ನು ಮಲಗಿಸಿ ಕಟ್ಟಿದ ಮೇಜನ್ನು ನೆಟ್ಟಗೆ ನಿಲ್ಲಿಸಿದಾಗ ಅವನ ಎರಡು ಕೈಗಳೂ ಶಿಲುಬೆಯ ಮೇಲಿನಂತೆ ಚಾಚಿಕೊಂಡಿರುತ್ತವೆ. ಪ್ರೇಕ್ಷಕನ ಕಣ್ಣು ಒದ್ದೆಯಾಗುವುದು ಇಲ್ಲಿಯೇ.

ಈ ಶಿಲುಬೆಯ ಚಿತ್ರ ಒಬ್ಬ ಗುರುವಾಗಿ ನನಗೆ ಹಿಡಿಸಲಿಲ್ಲ. ಕಪಾಲಬೆಟ್ಟದಲ್ಲಿ ಶಿಲುಬೆಗಳು ಮೂರಿದ್ದವು, ಅವುಗಳಲ್ಲಿ ಎರಡು ಅಪರಾಧಿಗಳವೇ ಎಂದು ನೀವು ಹೇಳಬಹುದು, ನಿಜ. ಆದರೂ ಇಬ್ಬರು ಮಕ್ಕಳನ್ನು ಕೊಂದವನನ್ನು ನಮ್ಮ ಕಣ್ಣಿಗೆ ಯೇಸುಸ್ವಾಮಿಯ ಆಕಾರದಲ್ಲಿ ನಿಲ್ಲಿಸುವುದು ಅವಸರದ ಕೆಲಸ. ಆ ದೃಶ್ಯದ ನಡುನಡುವೆ ಕೊಲೆಯ ದೃಶ್ಯವನ್ನೂ ನಿರ್ದೇಶಕರು ಹೆಣೆದಿದ್ದಾರೆ, ಮಡಿದ ಮಕ್ಕಳನ್ನು ನಾವು ಮರೆಯದಂತೆ ನೋಡಿಕೊಂಡಿದ್ದಾರೆ. ಅದು ಅವರ ಪ್ರಾಮಾಣಿಕತೆ. ತಪ್ಪೊಪ್ಪಿಗೆಯ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಬಲವಾದುದು. ಕೈದಿ ಪಶ್ಚಾತ್ತಾಪಪಟ್ಟ ಮೇಲೆ ಅವನ ಸಾವು ಬೇಡವೆನ್ನುವುದು ಸುಲಭ. ಪಶ್ಚಾತ್ತಾಪಪಡದೆ, ಗರ್ವದಿಂದ ತಲೆಯೆತ್ತಿಕೊಂಡೇ ಹೋದವನ ಬಗ್ಗೆ ನಾವೇನು ಹೇಳುತ್ತೇವೆ? ಚಿತ್ರ ಆ ಪ್ರಶ್ನೆಯಿಂದ ನಮ್ಮನ್ನು ಪಾರುಮಾಡಿಬಿಡುತ್ತದೆ.

ಪುಸ್ತಕ ಹಾಗೆ ಪಾರುಮಾಡುವುದಿಲ್ಲ. ಅಲ್ಲಿ ಅಣ್ಣತಮ್ಮಂದಿರ ಸಂಗತಿಯೇ ಓದುಗರನ್ನು ಕಾಡುತ್ತದೆ. ಅಪರಾಧ ಒಂದೇ, ಅಣ್ಣನಿಗೆ ವಿದ್ಯುತ್ ಕುರ್ಚಿ, ತಮ್ಮನಿಗೆ ಜೀವಾವಧಿ. ಗುಂಡು ಹಾರಿಸಿದವನು ತಾನೇ ಎಂದು ತಮ್ಮನು ಹೇಳಿಕೊಂಡರೂ ಅಣ್ಣನ ಶಿಕ್ಷೆ ತಪ್ಪಲಿಲ್ಲ. ಬಡವನಿಗೆ ಸಿಗುವ ವಕೀಲರ ಸಿದ್ಧತೆ ಎಷ್ಟರದು, ಮನವಿಯ ಕಾಲ ಮೀರಿದ ಮೇಲೆ ನಿಜ ಹೇಳಿದರೂ ಕೇಳುವ ಕಿವಿ ಎಲ್ಲಿದೆ ಎಂಬುದನ್ನು ಹೆಲೆನ್ ಒಂದೊಂದೇ ಹೆಜ್ಜೆಯಾಗಿ ತೋರಿಸುತ್ತಾರೆ. ಮಧ್ಯೆ ಮಧ್ಯೆ ಕಾನೂನಿನ ವಾದಗಳೂ ಅಂಕಿಅಂಶಗಳೂ ಬಂದು ಕಥನದ ಓಟವನ್ನು ತಡೆಯುತ್ತವೆ. ಕೆಲವು ಪುಟಗಳನ್ನು ನಾನು ತಾಳ್ಮೆಯಿಂದಲೇ ದಾಟಬೇಕಾಯಿತು.

ಆದರೆ ಈ ಪುಸ್ತಕವನ್ನು ನಿಮ್ಮ ಕೈಗಿಡಲು ನನಗಿರುವ ಕಾರಣ ಈ ವಾದಗಳಲ್ಲ, ಲೇಖಕಿಯ ಪಾಪನಿವೇದನೆ. ಕೈದಿಯನ್ನು ಭೇಟಿಯಾಗಲು ಅಷ್ಟು ದೂರ ಹೋಗಿಬರುತ್ತಿದ್ದ ಈ ಧರ್ಮಭಗಿನಿ ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಒಮ್ಮೆಯೂ ಹೋಗಿರಲಿಲ್ಲ. ಹೋದರೆ ಅವರ ನೋವು ಹೆಚ್ಚೀತು, ತನ್ನನ್ನು ಬೈದು ಕಳುಹಿಸಿಯಾರು ಎಂಬ ಅಂಜಿಕೆ. ಕೊನೆಗೆ ಕ್ಷಮಾದಾನ ಮಂಡಳಿಯ ವಿಚಾರಣೆಯ ದಿನ ಮಡಿದ ಹುಡುಗನ ತಂದೆಯೇ ಅವರನ್ನು ಎದುರುಗೊಂಡು, ಇಷ್ಟು ದಿನ ನಮ್ಮ ಕಡೆ ಏಕೆ ಬರಲಿಲ್ಲ ಎಂದು ಕೇಳಿದರು. ಆ ತಂದೆ ಕಥೋಲಿಕರು. ಕೊಲೆಗಾರನೂ ಕಥೋಲಿಕ. ಧರ್ಮಸಭೆಯ ಪರವಾಗಿ ಬಂದ ಸಹೋದರಿ ಒಂದು ಮನೆಯ ಬಾಗಿಲನ್ನಷ್ಟೇ ತಟ್ಟಿದ್ದರು.

ಹೆಲೆನ್ ಇದಕ್ಕೆ ನೆವ ಹೇಳುವುದಿಲ್ಲ. ಅದು ಹೇಡಿತನವೆಂದೇ ಒಪ್ಪಿಕೊಳ್ಳುತ್ತಾರೆ. ಮುಂದೆ ಆ ತಂದೆಯ ಮನೆಗೆ ಹೋಗುತ್ತಾರೆ. ಕೊಲೆಯಾದವರ ಕುಟುಂಬಗಳಿಗೆಂದೇ ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ಆಸರೆಯ ಸಂಘವನ್ನು ಕಟ್ಟುತ್ತಾರೆ. ಎಲ್ಲ ಮನೆಗಳಲ್ಲೂ ಮಾತು ಹಿತವಾಗಿ ಮುಗಿಯಲಿಲ್ಲ. ಎರಡನೆಯ ಕೈದಿಯ ಕೈಯಲ್ಲಿ ಮಗಳನ್ನು ಕಳೆದುಕೊಂಡ ದಂಪತಿಗಳು ಮರಣದಂಡನೆಯ ಪರವಾಗಿಯೇ ಉಳಿದರು. ಆದರೆ ದಂಡನೆ ಜಾರಿಯಾದ ಮೇಲೂ ಆ ತಂದೆಯ ಕೋಪ ತಣಿಯಲಿಲ್ಲವೆಂಬುದನ್ನು ಹೆಲೆನ್ ಕಂಡು ಬರೆದಿದ್ದಾರೆ. ಗೆದ್ದೆನೆಂಬ ಧ್ವನಿಯಿಂದಲ್ಲ, ಮರುಕದಿಂದ.

ಹುಡುಗನ ತಂದೆಯ ಕಥೆಯನ್ನು ನೀವೇ ಓದಬೇಕು. ಮಗನ ಶವವನ್ನು ಗುರುತಿಸಲು ಕಬ್ಬಿನ ಗದ್ದೆಗೆ ಹೋದವರು ಅಲ್ಲೇ ಮಂಡಿಯೂರಿ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಹೇಳತೊಡಗಿದರಂತೆ. ಕ್ಷಮೆಯ ಸಾಲಿಗೆ ಬಂದಾಗ ನಿಲ್ಲಲಿಲ್ಲ, ಹಿಂಜರಿಯಲಿಲ್ಲ. ಅಷ್ಟಕ್ಕೇ ಮುಗಿಯಿತೆಂದು ತಿಳಿಯಬೇಡಿ. ಮಗನ ಹುಟ್ಟುಹಬ್ಬ ಬಂದಾಗ, ಅವನು ಬದುಕಿದ್ದರೆ ಮದುವೆಯಾಗಿ ಮಕ್ಕಳಾಗಿರುತ್ತಿದ್ದವಲ್ಲ ಎನಿಸಿದಾಗ, ಆ ಕ್ಷಮೆಯನ್ನು ಮತ್ತೆ ಮೊದಲಿನಿಂದ ಬೇಡಿ ಪಡೆಯಬೇಕಾಗುತ್ತಿತ್ತು. ಸೋನ್ಯೇಯ ಸಾವನ್ನು ನೋಡಲು ಅವರೂ ಹೋಗಿದ್ದರು. ಸೇಡಿಗಾಗಿ ಅಲ್ಲ, ತಪ್ಪಾಯಿತೆಂಬ ಒಂದು ಮಾತಿಗಾಗಿ. ಸೋನ್ಯೇ ಕುರ್ಚಿಯಲ್ಲಿ ಕೂರುವ ಮುನ್ನ ಆ ಮಾತನ್ನು ಹೇಳಿದ; ಅವರು ತಲೆಯಾಡಿಸಿದರು. ಅವನನ್ನು ಸೆರೆಮನೆಯಲ್ಲೇ ಇಟ್ಟಿದ್ದರೂ ತನಗೆ ಸಾಕಾಗಿತ್ತೆಂದು ಅವರು ಆಮೇಲೆ ಹೆಲೆನ್‌ಗೆ ಹೇಳಿದ್ದುಂಟು. ಪುಸ್ತಕ ಮುಗಿಯುವುದು ಬೆಳಗಿನ ಜಾವ ಒಂದು ಪುಟ್ಟ ಪ್ರಾರ್ಥನಾಲಯದಲ್ಲಿ, ಈ ತಂದೆಯೂ ಹೆಲೆನ್ ಅವರೂ ಒಟ್ಟಿಗೆ ಜಪಸರ ಹೇಳುವುದರೊಂದಿಗೆ.

ಇನ್ನು ನಮ್ಮ ವಿಷಯಕ್ಕೆ ಬರೋಣ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಅತಿ ಘೋರ ಪ್ರಕರಣಗಳಲ್ಲಿ ಮರಣದಂಡನೆಗೆ ಎಡೆಯಿತ್ತಿತ್ತು. 1995ರಲ್ಲಿ ದ್ವಿತೀಯ ಜಾನ್ ಪಾಲ್ ಅವರು, ಅಂಥ ಅಗತ್ಯ ಈ ಕಾಲದಲ್ಲಿ ಇಲ್ಲವೆನ್ನುವಷ್ಟು ವಿರಳವೆಂದು ಬೋಧಿಸಿದರು; 1997ರ ಪರಿಷ್ಕೃತ ಪಾಠ ಅದನ್ನೇ ಅನುಸರಿಸಿತು. 2018ರಲ್ಲಿ ಪೋಪ್ ಫ್ರಾನ್ಸಿಸ್ ಆ ಪರಿಚ್ಛೇದವನ್ನು ಬದಲಿಸಿ ಮರಣದಂಡನೆಯನ್ನು ಒಪ್ಪಲಾಗದೆಂದು ಸ್ಪಷ್ಟಪಡಿಸಿದರು. ಬೋಧನೆ ಈಗ ಖಚಿತ. ನಮ್ಮ ನಡೆ ಖಚಿತವಾಗಿದೆಯೇ?

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ಹುಗಿದಿಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು. ಈ ಪ್ರಕರಣದಲ್ಲಿ ನಾಲ್ವರಿಗೆ ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆಯ ವಿರುದ್ಧ ಮೇಲ್ಮನವಿ ಹೋದಾಗ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮರಣದಂಡನೆಗೆ ಏರಿಸಿತು. ಒಂದು ಪೀಠಕ್ಕೆ ಜೀವಾವಧಿ ಸಾಕೆನಿಸಿದ ಕೃತ್ಯವೇ ಇನ್ನೊಂದು ಪೀಠಕ್ಕೆ 'ಅಪರೂಪದಲ್ಲಿ ಅಪರೂಪ'ವೆನಿಸಿತು. 1980ರ ಬಚ್ಚನ್ ಸಿಂಗ್ ತೀರ್ಪಿನಿಂದ ಬಂದ ಈ ಅಳತೆಗೋಲು ನ್ಯಾಯಾಧೀಶರಿಂದ ನ್ಯಾಯಾಧೀಶರಿಗೆ ಬದಲಾಗುತ್ತದೆಂದೂ, ಹಗ್ಗ ಬೀಳುವುದು ಹೆಚ್ಚಾಗಿ ಬಡವರ ಕೊರಳಿಗೇ ಎಂದೂ ಅದೇ ಪ್ರಕರಣದ ಭಿನ್ನಮತದಲ್ಲಿ ನ್ಯಾಯಮೂರ್ತಿ ಭಗವತಿ ಎಚ್ಚರಿಸಿದ್ದರು. ಲೂಸಿಯಾನದ ಅಣ್ಣತಮ್ಮಂದಿರು ನನಗೆ ನೆನಪಾದದ್ದು ಇದರಿಂದಲೇ. 2013ರ ಫೆಬ್ರವರಿಯಲ್ಲಿ ನಾಲ್ವರ ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಸರ್ವೋಚ್ಚ ನ್ಯಾಯಾಲಯ, ಅರ್ಜಿಯ ವಿಲೇವಾರಿಯಲ್ಲಾದ ದೀರ್ಘ ವಿಳಂಬದ ಕಾರಣದಿಂದ, ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಅವರನ್ನು ಉಳಿಸಿದ್ದು ಯಾರ ಕರುಣೆಯೂ ಅಲ್ಲ, ಕಡತದ ವಿಳಂಬ.

ಆ ಫೆಬ್ರವರಿಯಲ್ಲಿ ಬೆಳಗಾವಿಯ ಹಿಂಡಲಗಾ ಸೆರೆಮನೆಯಿಂದ ಸುದ್ದಿ ಇಂದು ಬಂದೀತು, ನಾಳೆ ಬಂದೀತು ಎಂದು ಕಾಯುತ್ತಿದ್ದೆವು. ನಾಲ್ವರಲ್ಲಿ ಮೂವರ ಹೆಸರುಗಳು ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕಗಳಲ್ಲಿ ಕಾಣಸಿಗುವಂಥವು. ಅದೂ ನಮ್ಮ ಆತಂಕಕ್ಕೆ ಒಂದು ಕಾರಣವಾಗಿತ್ತೆಂದು ಮುಚ್ಚಿಡದೆ ಹೇಳಬೇಕು. ನಾನಾಗ ಇದ್ದ ಧರ್ಮಕೇಂದ್ರದಲ್ಲಿ ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯ ಹೊತ್ತಿಗೆ ಆ ನಾಲ್ವರ ಪ್ರಾಣ ಉಳಿಯಲೆಂದು ಬೇಡಿಕೊಂಡೆವು. ಪೂಜೆ ಮುಗಿದ ಮೇಲೆ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ದೇವಾಲಯದ ಮೆಟ್ಟಿಲ ಬಳಿ ನಿಂತಿದ್ದರು. "ಸ್ವಾಮಿ, ಆ ಇಪ್ಪತ್ತೆರಡು ಮಂದಿಗೆ ಪ್ರಾರ್ಥನೆ ಯಾವಾಗ?" ಎಂದು ಕೇಳಿದರು. ಜಗಳದ ಧ್ವನಿಯಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಆ 22 ಮಂದಿಯ ಒಂದು ಹೆಸರನ್ನೂ ನಾನು ಬಲಿಪೀಠದ ಮುಂದೆ ಉಚ್ಚರಿಸಿರಲಿಲ್ಲ. ಅವರ ಹೆಂಡತಿ ಮಕ್ಕಳು ಯಾವ ಊರಿನಲ್ಲಿದ್ದಾರೆಂದು ವಿಚಾರಿಸಿರಲೂ ಇಲ್ಲ.

ಆ ಸಂಜೆಯೇ ಹೆಲೆನ್ ಅವರ ಪುಸ್ತಕವನ್ನು ಮತ್ತೆ ತೆರೆದೆ. ಗುರುಮಠದ ದಿನಗಳಲ್ಲಿ ಓದಿದಾಗ ವಾದಗಳ ಕೆಳಗೆ ಗೆರೆ ಎಳೆದಿದ್ದೆ. ತಂದೆಯ ಪ್ರಶ್ನೆಯಿರುವ ಪುಟದಲ್ಲಿ ಪೆನ್ಸಿಲಿನ ಗುರುತೇ ಇರಲಿಲ್ಲ. ನ್ಯಾಯಾಲಯದ ತೀರ್ಪನ್ನು ನಾನು ಈಗಲೂ ಟೀಕಿಸುತ್ತೇನೆ, ನೇಣುಗಂಬ ಬೇಡವೆಂದೇ ಹೇಳುತ್ತೇನೆ. ಆದರೆ ಹಾಗೆ ಹೇಳುವ ಹಕ್ಕನ್ನು ನಾನು ಅಗ್ಗವಾಗಿ ಪಡೆದುಕೊಂಡಿದ್ದೆನೆಂದು ಅಂದು ತಿಳಿಯಿತು.

ತಂದೆತಾಯಂದಿರಿಗೆ ಒಂದು ಸೂಚನೆ: ಚಿತ್ರದಲ್ಲಿ ಅತ್ಯಾಚಾರ ಹಾಗೂ ಕೊಲೆಯ ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳೊಂದಿಗೆ ಕೂತು ನೋಡುವಂಥದ್ದಲ್ಲ. ಪುಸ್ತಕದ ಇಂಗ್ಲಿಷ್ ಸರಳವಾಗಿದೆ. ಕಾಲೇಜಿಗೆ ಹೋಗುವ ಮಕ್ಕಳು ಓದಿ ಮನೆಯವರಿಗೆ ಕನ್ನಡದಲ್ಲಿ ಹೇಳಬಹುದು. ಆ ನಿವೃತ್ತ ಅಧಿಕಾರಿಗೆ ಅವರ ಮೊಮ್ಮಗಳು ಹಾಗೆಯೇ ಓದಿ ಹೇಳಿದಳು. ಪುಸ್ತಕವನ್ನು ಹಿಂದಿರುಗಿಸುವಾಗ ಅವರು, "ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ ಸ್ವಾಮಿ," ಎಂದರು. ಬಳಿಕ ಧರ್ಮಕೇಂದ್ರದ ಕಚೇರಿಗೆ ಹೋಗಿ ಏಪ್ರಿಲ್ 9ರ ಬಲಿಪೂಜೆಯನ್ನು ಆ 22 ಮಂದಿಗಾಗಿ ಬರೆಸಿದರು. ಆ ನಾಲ್ವರಿಗಾಗಿ ಯಾವ ದಿನ ಬರೆದಿದ್ದೀರಿ ಎಂದು ಗುಮಾಸ್ತರನ್ನು ವಿಚಾರಿಸಿದರೆಂದು ನನಗೆ ಆಮೇಲೆ ತಿಳಿಯಿತು.