ಧರ್ಮನಿಧಿಯ ಹೂಡಿಕೆ ಮತ್ತು ಅನುಮೋದನೆಯ ದೋಷ: ಒಂದು ವಿಮರ್ಶೆ

ನಮ್ಮ ಬಸದಿಯ ವಿಶ್ವಸ್ತ ಮಂಡಳಿಯಲ್ಲಿ ಲೆಕ್ಕಪತ್ರಗಳನ್ನು ನೋಡುವ ಹೊಣೆ ನನ್ನದು. ಜೀರ್ಣೋದ್ಧಾರ ನಿಧಿಯ ಒಂದಂಶವನ್ನು ಮ್ಯೂಚುವಲ್ ಫಂಡಿನಲ್ಲಿ ತೊಡಗಿಸಿದ್ದೆವು. ಆ ಹಣ ಯಾವ ಯಾವ ಕಂಪನಿಗಳಲ್ಲಿದೆಯೆಂಬ ಪಟ್ಟಿಯನ್ನು ಓದುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಒಂದು ಸಂಜೆ ಓದಿದಾಗ ಅದರಲ್ಲಿ ಸಿಗರೇಟಿನ ಕಂಪನಿಯೂ ಮದ್ಯದ ಕಂಪನಿಯೂ ಕಂಡುಬಂದವು. ಸಭೆಯಲ್ಲಿ ವಿಷಯ ಮಂಡಿಸಿದೆ. ಹಿರಿಯರೊಬ್ಬರು, "ಕಂಪನಿ ನಡೆಸುವವರು ಬೇರೆ, ಷೇರು ಕೊಂಡವರು ಫಂಡಿನವರು, ನಮಗೇನು ಸಂಬಂಧ?" ಎಂದರು. ತರುಣ ಸದಸ್ಯರೊಬ್ಬರು, "ಇಂದೇ ಎಲ್ಲವನ್ನೂ ಹಿಂತೆಗೆದು ಬ್ಯಾಂಕಿನಲ್ಲಿ ಠೇವಣಿ ಇಡೋಣ, ನಿಧಿ ಶುದ್ಧವಾಗುತ್ತದೆ" ಎಂದರು. ಈ ಎರಡು ಉತ್ತರಗಳನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಇಂಥ ಪ್ರಸಂಗದಲ್ಲಿ ನಮ್ಮ ವಿದ್ವಾಂಸರಿಗೆ ಮೊದಲು ನೆನಪಾಗುವುದು ಹಿಂಸಾದಾನ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ, ಕೊಡಲಿ, ಖಡ್ಗ, ಬೆಂಕಿ, ವಿಷ, ಸಂಕೋಲೆ ಮೊದಲಾದ ವಧೆಯ ಸಾಧನಗಳನ್ನು ಪರರಿಗೆ ಕೊಡುವುದನ್ನು ಆ ಹೆಸರಿನಿಂದ ಕರೆದಿದ್ದಾರೆ. ಆದರೆ ವಾಣಿಜ್ಯಶಾಸ್ತ್ರ ಓದಿದವನಾಗಿ ಒಂದು ಮಾತನ್ನು ಹೇಳಲೇಬೇಕು. ಷೇರುಪೇಟೆಯಲ್ಲಿ ಕೊಂಡ ಷೇರಿನ ಬೆಲೆ ಕಂಪನಿಗೆ ಸೇರುವುದಿಲ್ಲ; ಅದನ್ನು ಮಾರಿದ ಇನ್ನೊಬ್ಬ ಷೇರುದಾರನಿಗೆ ಸೇರುತ್ತದೆ. ಕಂಪನಿ ಹೊಸದಾಗಿ ಹೊರಡಿಸಿದ ಷೇರನ್ನು ಕೊಂಡರೆ ಮಾತ್ರ ನಾವು ಬಂಡವಾಳ ಕೊಟ್ಟಂತೆ. ಆದುದರಿಂದ ಪ್ರತಿಯೊಂದು ಹೂಡಿಕೆಯನ್ನೂ ಹಿಂಸಾದಾನವೆನ್ನುವುದು ಸಡಿಲ ಮಾತಾಗುತ್ತದೆ.

ಹಾಗೆಂದು ಹಿರಿಯ ಸದಸ್ಯರ ಉತ್ತರ ನಿಲ್ಲುವುದಿಲ್ಲ. ಅಹಿಂಸಾಣುವ್ರತವನ್ನು ವಿವರಿಸುವಾಗ ಅದೇ ಆಚಾರ್ಯರು ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಎಣಿಸಿದ್ದಾರೆ. ನಾವು ಮಾಡಲಿಲ್ಲ, ಬಹುಶಃ ಮಾಡಿಸಲೂ ಇಲ್ಲ. ಆದರೆ ಸಿಗರೇಟು ಹೆಚ್ಚು ಮಾರಾಟವಾದ ವರ್ಷ ಲಾಭಾಂಶ ಹೆಚ್ಚಲಿ ಎಂದು ಬಯಸುವವನು ಆ ಮಾರಾಟವನ್ನು ಮನಸ್ಸಿನಲ್ಲಿ ಒಪ್ಪಿದಂತೆಯೇ. ಮಧ್ಯೆ ಎಷ್ಟು ಕೈಗಳಿದ್ದರೂ ಈ ಒಪ್ಪಿಗೆ ಅಳಿಯುವುದಿಲ್ಲ.

ಎರಡನೆಯ ಉತ್ತರದಲ್ಲಿ ಸಂಕಲ್ಪ ಒಳ್ಳೆಯದು, ತಿಳಿವಳಿಕೆ ಸಾಲದು. ಬ್ಯಾಂಕು ನಮ್ಮ ಠೇವಣಿಯನ್ನು ತಿಜೋರಿಯಲ್ಲಿ ಕಟ್ಟಿಡುವುದಿಲ್ಲ. ಕೋಳಿ ಸಾಕಣೆಯವರಿಗೂ ಮದ್ಯ ತಯಾರಿಸುವವರಿಗೂ ಅದೇ ಹಣ ಸಾಲವಾಗಿ ಹೋಗಬಹುದು. ಫಂಡಿನ ಪಟ್ಟಿಯಾದರೂ ಓದಲು ಸಿಗುತ್ತದೆ. ಬ್ಯಾಂಕಿನ ಸಾಲಗಾರರ ಪಟ್ಟಿಯನ್ನು ಠೇವಣಿದಾರನಿಗೆ ಯಾರೂ ಕೊಡುವುದಿಲ್ಲ. ಕಣ್ಣಿಗೆ ಕಾಣದಂತೆ ಮಾಡಿಕೊಂಡದ್ದನ್ನು ಶುದ್ಧಿಯೆಂದು ಕರೆಯಲಾಗದು.

ಈ ತೊಡಕು ನಮ್ಮ ಸಣ್ಣ ಬಸದಿಗಳಿಗೆ ಮಾತ್ರ ಬಂದುದಲ್ಲ. 2013ರ ಜುಲೈಯಲ್ಲಿ ಇಂಗ್ಲೆಂಡಿನ ಚರ್ಚಿನ ಮುಖ್ಯ ಧರ್ಮಗುರು ಜಸ್ಟಿನ್ ವೆಲ್ಬಿಯವರು, ವಿಪರೀತ ಬಡ್ಡಿಯ ಸಾಲ ಕೊಡುತ್ತಿದ್ದ ವೋಂಗಾ ಎಂಬ ಸಂಸ್ಥೆಯನ್ನು ಸ್ಪರ್ಧೆಯಿಂದಲೇ ಮುಚ್ಚಿಸುವುದಾಗಿ ಸಾರಿದರು. ಮರುದಿನವೇ, ಚರ್ಚಿನ ನಿಧಿಯ ಹಣವೂ ಮಧ್ಯವರ್ತಿ ಫಂಡೊಂದರ ಮೂಲಕ ಅದೇ ಸಂಸ್ಥೆಯಲ್ಲಿದೆಯೆಂಬುದು ಬಯಲಾಯಿತು. ಸುಮಾರು 550 ಕೋಟಿ ಪೌಂಡುಗಳ ನಿಧಿಯಲ್ಲಿ ಅದು ಕೇವಲ 75,000 ಪೌಂಡು. ಅದರಿಂದ ಬಿಡಿಸಿಕೊಳ್ಳಲು ಚರ್ಚಿಗೆ ಸುಮಾರು ಒಂದು ವರ್ಷ ಹಿಡಿಯಿತು. ನೀತಿಯ ನಿಯಮಗಳು ಅಲ್ಲಿರಲಿಲ್ಲವೆಂದಲ್ಲ. ಮದ್ಯ, ಜೂಜು, ವಿಪರೀತ ಬಡ್ಡಿಗಳಿಂದ ಆದಾಯದ ನೂರಕ್ಕೆ 25ಕ್ಕಿಂತ ಹೆಚ್ಚನ್ನು ಪಡೆಯುವ ಕಂಪನಿ ವರ್ಜ್ಯವೆಂದಿತ್ತು.

ಈ ಶೇಕಡಾವಾರು ಲೆಕ್ಕವನ್ನು ಕೇಳಿ ನಗುವವರುಂಟು. ನಾನು ನಗಲಾರೆ. ನಮ್ಮ ದೇಶದಲ್ಲಿ ಐ.ಟಿ.ಸಿ.ಯ ಒಂದೇ ಷೇರಿನೊಳಗೆ ಸಿಗರೇಟೂ ಇದೆ, ಗೋಧಿ ಹಿಟ್ಟೂ ಇದೆ. ಅದರಲ್ಲಿ ಎಲ್.ಐ.ಸಿ. ದೊಡ್ಡ ಪಾಲುದಾರ. ಜನರ ವಿಮೆಯ ಹಣವನ್ನು ತಂಬಾಕಿನಲ್ಲಿ ತೊಡಗಿಸುವುದನ್ನು ಪ್ರಶ್ನಿಸಿ 2017ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೇ ದಾಖಲಾಯಿತು. ಆ ವಿಮೆಯ ಪಾಲಿಸಿ ಇಲ್ಲದ ಶ್ರಾವಕರ ಮನೆಗಳು ನಮ್ಮಲ್ಲಿ ಎಷ್ಟಿವೆ?

ಮಹಾವ್ರತ ಮುನಿಗಳದು. ಶ್ರಾವಕನಿಗೆ ವಿಧಿಸಿದ್ದು ಅಣುವ್ರತ. ಅದರ ಸ್ವರೂಪವೇ ಮಿತಿ. ಆದುದರಿಂದ ಗೆರೆ ಎಳೆಯುವುದರಲ್ಲಿ ನಾಚಿಕೆಯಿಲ್ಲ. ಆದರೆ ವ್ರತದ ಗೆರೆಯನ್ನು ತಿಳಿದು ಎಳೆಯಬೇಕು, ದಾಟಿದಾಗ ಅತಿಚಾರವೆಂದು ಒಪ್ಪಬೇಕು, ಆಲೋಚನೆ ಪ್ರತಿಕ್ರಮಣಗಳಿಂದ ಮತ್ತೆ ಮತ್ತೆ ನೋಡಿಕೊಳ್ಳಬೇಕು. ಚರ್ಚಿನ ನಿಯಮದ ದೋಷ ಅದರ ಅಂಕಿಯಲ್ಲಿಲ್ಲ. ಒಮ್ಮೆ ಬರೆದ ಮೇಲೆ ನಿಧಿ ಎಲ್ಲೆಲ್ಲಿ ಹರಿಯಿತೆಂದು ಕೊನೆಯವರೆಗೆ ನೋಡದೆ ಹೋದುದರಲ್ಲಿದೆ.

ವ್ಯಕ್ತಿಗೂ ಸಂಸ್ಥೆಗೂ ಇಲ್ಲಿ ಭೇದವುಂಟು. ನನ್ನ ಹಣದಲ್ಲಿ ನಷ್ಟವಾದರೆ ನನಗಾಯಿತು. ಬಸದಿಯ ಹಣ ಪರರು ಒಪ್ಪಿಸಿದ್ದು, ಅದಕ್ಕೆ ನಷ್ಟ ಮಾಡಲು ನಮಗೇನು ಅಧಿಕಾರವೆಂದು ಕೇಳಬಹುದು. ಇಂಗ್ಲೆಂಡಿನ ನ್ಯಾಯಾಲಯಗಳು ಇದನ್ನು ವಿವೇಚಿಸಿವೆ. ಆಕ್ಸ್‌ಫರ್ಡಿನ ಬಿಷಪ್ಪರು ಹೂಡಿದ್ದ, 1992ರಲ್ಲಿ ವರದಿಯಾದ ಮೊಕದ್ದಮೆಯಲ್ಲಿ, ಹೆಚ್ಚಿನ ಆದಾಯವನ್ನು ಅರಸುವುದು ವಿಶ್ವಸ್ತರ ಸಾಮಾನ್ಯ ಕರ್ತವ್ಯವಾದರೂ ಕ್ಯಾನ್ಸರ್ ಸಂಶೋಧನೆಯ ನಿಧಿ ತಂಬಾಕಿನ ಷೇರನ್ನು ಬಿಡಬಹುದೆಂದು ನ್ಯಾಯಾಧೀಶರು ಉದಾಹರಿಸಿದರು. 2022ರ ಇನ್ನೊಂದು ತೀರ್ಪು, ಧ್ಯೇಯಕ್ಕೆ ವಿರುದ್ಧವಾದ ಹೂಡಿಕೆಯನ್ನು ಆರ್ಥಿಕ ನಷ್ಟದೊಡನೆ ತೂಗಿ ನೋಡಿ ವರ್ಜಿಸುವ ವಿವೇಚನೆ ವಿಶ್ವಸ್ತರಿಗೆ ಇದೆಯೆಂದಿತು. ಪರದೇಶದ ತೀರ್ಪು ನಮಗೆ ಕಟ್ಟಳೆಯಲ್ಲ; ಆದರೆ ತರ್ಕ ಸರಿಯಾಗಿದೆ. ಅಹಿಂಸೆಯ ಹೆಸರಿನಲ್ಲಿ ಕೂಡಿಸಿದ ನಿಧಿ ಹಿಂಸೆಯ ಲಾಭದಿಂದ ಬೆಳೆದರೆ ದಾನಿಯ ಉದ್ದೇಶಕ್ಕೇ ನಷ್ಟ.

ಇಷ್ಟು ಬರೆಯುವಾಗ ನನ್ನ ಅಂಗಡಿ ಕಣ್ಣ ಮುಂದೆ ಬರುತ್ತದೆ. ನಾನು ಧಾನ್ಯದ ವ್ಯಾಪಾರಿ. ಗೋದಾಮಿನ ಮೂಟೆಗಳಿಗೆ ಹುಳು ಬೀಳದಂತೆ ವಿಷದ ಹೊಗೆ ಹಾಕಿಸಿದ್ದೇನೆ. ಅದನ್ನು ಉದ್ಯೋಗಿ ಹಿಂಸೆಯೆಂದು ಹೆಸರಿಸಿ ಬಹಳ ವರ್ಷ ಸಮಾಧಾನ ಪಟ್ಟುಕೊಂಡೆ. ಕೊಲ್ಲಲೆಂದೇ ಹಾಕಿದ ಹೊಗೆಗೆ ಆ ಹೆಸರು ಪೂರ್ತಿ ಒಪ್ಪುವುದಿಲ್ಲವೆಂಬುದು ಗೊತ್ತಿದ್ದೂ. ಪರರ ಲೆಕ್ಕವನ್ನು ಕೆದಕುವ ಅರ್ಹತೆ ನನಗಿದೆಯೆಂದು ಈ ಲೇಖನ ಬರೆದುದಲ್ಲ.

ನಮ್ಮ ಮಂಡಳಿ ಕೊನೆಗೆ ಕೈಗೊಂಡ ನಿರ್ಣಯ ಇಷ್ಟು. ಮಾಂಸ, ಮದ್ಯ, ತಂಬಾಕು, ಶಸ್ತ್ರಾಸ್ತ್ರ ಇವು ನಮ್ಮ ಧ್ಯೇಯಕ್ಕೆ ನೇರ ವಿರುದ್ಧವೆಂದು ನಡಾವಳಿ ಪುಸ್ತಕದಲ್ಲಿ ಬರೆದೆವು. ಅವುಗಳನ್ನುಳ್ಳ ಫಂಡಿನಿಂದ ಹೊರಬಂದೆವು. ಪ್ರತಿವರ್ಷ ಮಹಾವೀರ ಜಯಂತಿಗೆ ಮೊದಲು ಹೂಡಿಕೆಗಳ ಪಟ್ಟಿಯನ್ನು ಸಭೆಯಲ್ಲಿ ಓದಬೇಕು; ಬ್ಯಾಂಕಿನ ಠೇವಣಿಯಂತೆ ಬೇರ್ಪಡಿಸಲಾಗದ ಕಡೆ, ಬೇರ್ಪಡಿಸಲಾಗಲಿಲ್ಲವೆಂದೇ ವರದಿಯಲ್ಲಿ ದಾನಿಗಳಿಗೆ ತಿಳಿಸಬೇಕು. ನಾವು ಹೊರಬಂದುದರಿಂದ ದೇಶದಲ್ಲಿ ಒಂದು ಸಿಗರೇಟೂ ಕಡಿಮೆಯಾಗದು. ಆದಾಯ ಇಳಿದರೆ ಶಿಖರದ ಕೆಲಸ ತಡವಾಗುತ್ತದೆ, ಅದಕ್ಕೂ ಒಪ್ಪಿದೆವು.

ಸಭೆ ಮುಗಿದು ಏಳುವಾಗ ಆ ಹಿರಿಯರು ಮೆಲ್ಲಗೆ ಕೇಳಿದರು: "ನಿಧಿಯದು ಸರಿ. ನಾಳೆ ದಾನಿಯೊಬ್ಬರು ಅದೇ ಷೇರಿನ ಲಾಭವನ್ನು ತಂದು ಅಭಿಷೇಕಕ್ಕೆ ಕೊಟ್ಟರೆ ಬೇಡವೆನ್ನುತ್ತೀರಾ?" ಅವರ ಮೊದಲಿನ ಮಾತಿಗಿಂತ ಈ ಪ್ರಶ್ನೆ ದೊಡ್ಡದು. ಇದಕ್ಕೆ ನಮ್ಮ ನಡಾವಳಿಯಲ್ಲಿ ಇನ್ನೂ ಉತ್ತರ ಬರೆದಿಲ್ಲ. ಸಾಧರ್ಮಿ ಬಂಧುಗಳು ತಮ್ಮ ತಮ್ಮ ಊರುಗಳಲ್ಲಿ ಇದನ್ನು ಚರ್ಚಿಸಿ, ಕಂಡ ವಿಚಾರವನ್ನು ಈ ಪತ್ರಿಕೆಗೆ ತಿಳಿಸಬೇಕೆಂದು ಪ್ರಾರ್ಥನೆ.