ಕೆನ್ನೆಯ ಮೇಲಿನ ಗೀರು

ಬೆಳ್ಳಿ ಕೊಳ್ಳುವಾಗ ನಾವು ಹೆಂಗಸರು ಕೇಳುವುದು ಎರಡೇ ಪ್ರಶ್ನೆ: ತೂಕ ಎಷ್ಟು, ಬೆರಕೆ ಎಷ್ಟು? ಅಂಗಡಿಯವನು ಮಜೂರಿ ಎಂದು ಇನ್ನಷ್ಟು ಸೇರಿಸಿದರೆ ಸ್ವಲ್ಪ ಗೊಣಗಿ, ಕೊಟ್ಟು ಬರುತ್ತೇವೆ. ಇಷ್ಟೇ ವಿದ್ಯೆ ಹೊತ್ತುಕೊಂಡು 2019ರಲ್ಲಿ ನಾನು ಒಹಾಯೋದಲ್ಲಿರುವ ಅಕ್ಕನ ಮನೆಗೆ ಹೋದೆ. ಭಾವ ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಮೇಜಿನ ಡ್ರಾಯರಿನಲ್ಲಿ ಒಂದು ಡಬ್ಬಿ. ಅದರೊಳಗೆ ಹದಿಮೂರು ಬೆಳ್ಳಿ ಡಾಲರುಗಳು, ಒಂದೊಂದೂ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯೊಳಗೆ ಭದ್ರವಾಗಿ ಕೂತಿದ್ದವು. ಮೇಲೊಂದು ಚೀಟಿ: ಇಸವಿ, ‘ಎಂಎಸ್’ ಎಂಬ ಎರಡಕ್ಷರ, ಪಕ್ಕದಲ್ಲಿ ಒಂದು ಅಂಕಿ. ಒಂಬತ್ತರ ಮೇಲೆ 65, ನಾಲ್ಕರ ಮೇಲೆ 64. ಅಕ್ಕನಿಗೆ ಇವುಗಳ ತಲೆಬುಡ ತಿಳಿಯದು. ಮನೆಸಾಲದ ಕಂತಿನ ತಾರೀಖು ಮಾತ್ರ ಚೆನ್ನಾಗಿ ತಿಳಿದಿತ್ತು.

ಊರಿನ ನಾಣ್ಯದಂಗಡಿಯಾತ ಡಬ್ಬಿಯನ್ನು ಹೀಗೆ ತೆರೆದು ಹಾಗೆ ಮುಚ್ಚಿ, ಒಂದಕ್ಕೆ ಅರವತ್ತು ಡಾಲರಿನಂತೆ ಎಲ್ಲವನ್ನೂ ಕೊಳ್ಳುತ್ತೇನೆ ಎಂದ. “ಬೆಳ್ಳಿಯ ಬೆಲೆಯ ಸುಮಾರು ಐದು ಪಟ್ಟು ಕೊಡ್ತಿದ್ದೇನೆ” ಎಂದು ಉಪಕಾರವನ್ನೂ ಹೊರಿಸಿದ. ಸುಳ್ಳಲ್ಲ. ಆ ನಾಣ್ಯದ ತೂಕ 26.73 ಗ್ರಾಂ, ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಆ ವರ್ಷದ ದರದಲ್ಲಿ ಹನ್ನೆರಡು ಡಾಲರು ಚಿಲ್ಲರೆಯ ಬೆಳ್ಳಿ ಅಷ್ಟೆ. ಅಕ್ಕ ‘ಹೂಂ’ ಅನ್ನುವುದರಲ್ಲಿದ್ದಳು. ನಾನು ಮೊಣಕೈ ತಿವಿದೆ.

ಮನೆಗೆ ಬಂದು ಭಾವನ ಪುಸ್ತಕ, ಭೂತಗನ್ನಡಿ, ಟೇಬಲ್ ಲ್ಯಾಂಪು ಇಟ್ಟುಕೊಂಡು ಕೂತೆವು. ಮಾರ್ಗನ್ ಡಾಲರು ಎಂದು ಇದರ ಹೆಸರು. ಜಾರ್ಜ್ ಮಾರ್ಗನ್ ಎಂಬ ಶಿಲ್ಪಿ ರೂಪಿಸಿದ್ದು. 1878ರಿಂದ 1904ರವರೆಗೆ ಅಚ್ಚಾಗಿ, ಆಮೇಲೆ 1921ರಲ್ಲಿ ಇನ್ನೊಮ್ಮೆ ಅಚ್ಚಾಯಿತು. (2021ರಿಂದ ಸಂಗ್ರಾಹಕರಿಗಾಗಿ ಮತ್ತೆ ತರುತ್ತಿದ್ದಾರೆ, ಅದರ ಕಥೆ ಬೇರೆ.) ಒಂದು ಬದಿ ಹದ್ದು, ಇನ್ನೊಂದು ಬದಿ ಸ್ವಾತಂತ್ರ್ಯದೇವಿಯ ಮುಖ. ದೇವಿಗೆ ಮಾದರಿಯಾಗಿ ಕೂತವಳು ಫಿಲಡೆಲ್ಫಿಯಾದ ಆ್ಯನಾ ವಿಲಿಯಮ್ಸ್ ಎಂಬ ಶಾಲಾ ಉಪಾಧ್ಯಾಯಿನಿ. ಆ ಮೇಡಂ ಅವರ ಕೆನ್ನೆಯೇ ಈ ವ್ಯಾಪಾರದ ಮರ್ಮ. ನಾಣ್ಯದಲ್ಲಿ ಅಲಂಕಾರವಿಲ್ಲದೆ ಬಯಲಾಗಿರುವ ಜಾಗ ಅದು. ಒಂದು ಗೀರು ಬಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಬೆಲೆ ಕಟ್ಟುವವರು ಮೊದಲು ನೋಡುವುದೂ ಅದನ್ನೇ. ಹೆಣ್ಣು ನೋಡಲು ಬಂದವರ ಮುಂದೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತಿದ್ದ ನೆನಪು ಇಬ್ಬರಿಗೂ ಬಂತು. “ನಂಗೆ ಎಷ್ಟು ಮಾರ್ಕ್ಸ್ ಬಿದ್ದಿತ್ತೋ!” ಎಂದು ಅಕ್ಕ ನಕ್ಕಳು. ಆರು ತಿಂಗಳಲ್ಲಿ ಅವಳು ನಕ್ಕದ್ದು ಕಡಿಮೆ.

ಅಂಕಿಯ ವಿಷಯಕ್ಕೆ ಬರುತ್ತೇನೆ. ಒಂದರಿಂದ ಎಪ್ಪತ್ತರ ಈ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಹಳೆಯ ತಾಮ್ರದ ಸೆಂಟುಗಳಿಗೆಂದು ಮಾಡಿದ. ಆಮೇಲೆ ಎಲ್ಲ ನಾಣ್ಯಕ್ಕೂ ಹಚ್ಚಿದರು. ಅರವತ್ತರಿಂದ ಮೇಲಿನದು ಚಲಾವಣೆಯ ಸವೆತವೇ ಕಾಣದ ನಾಣ್ಯ. ಹಾಗಾದರೆ ಗೀರು ಎಲ್ಲಿಂದ ಬಂತು? ಟಂಕಸಾಲೆಯಿಂದಲೇ ಸಾವಿರ ಸಾವಿರ ನಾಣ್ಯ ಒಂದೇ ಚೀಲಕ್ಕೆ ಬಿದ್ದು, ಒಂದಕ್ಕೊಂದು ತಿಕ್ಕಾಡಿ ಬಂದದ್ದು. 1986 ಮತ್ತು 1987ರಲ್ಲಿ ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ಸಂಸ್ಥೆಗಳು ಶುರುವಾಗಿ, ನಾಣ್ಯ ನೋಡಿ ಅಂಕ ಹಾಕಿ ಬಿಲ್ಲೆಯೊಳಗೆ ಮುಚ್ಚಿ ಕೊಡುವ ಪದ್ಧತಿ ಬೇರೂರಿತು.

ಇಲ್ಲೇ ನನ್ನ ತಕರಾರು. ನಮ್ಮ ಬಂಗಾರದ ಹಾಲ್‌ಮಾರ್ಕ್ ಕೂಡ ಅಂಕಿಯೇ. ಆದರೆ ಅದು ಲೋಹದ ಶುದ್ಧತೆಯ ಅಂಕಿ. ಅನುಮಾನ ಬಂದರೆ ಕರಗಿಸಿ ನೋಡಬಹುದು, ಉತ್ತರ ಬದಲಾಗದು. ಈ 65 ಹಾಗಲ್ಲ. ಅನುಭವಸ್ಥರು ನೋಡಿ ಹೇಳಿದ ಅಭಿಪ್ರಾಯ ಇದು. ಅದೇ ನಾಣ್ಯವನ್ನು ಮತ್ತೆ ಕಳಿಸಿದರೆ 64 ಆಗಿ ಬರುವುದುಂಟು, 66 ಆಗಿ ಬರುವುದೂ ಉಂಟು. ಆ ಅಭಿಪ್ರಾಯದ ಮೇಲೆ ಎಷ್ಟು ಹಣ ನಿಂತಿದೆ ನೋಡಿ: 1884ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಚ್ಚಾದ ಡಾಲರು ಸವೆದಿದ್ದರೆ ಸಾಧಾರಣ ಬೆಲೆಗೆ ಸಿಗುತ್ತದೆ. ಅದೇ 65 ಎಂಬ ಚೀಟಿ ಹೊತ್ತರೆ ಲಕ್ಷಗಟ್ಟಲೆ ಡಾಲರು. ಕೊನೆಗೆ ಹಾಕಿದ ಅಂಕ ಸರಿಯೇ ಎಂದು ನೋಡಿ ಮೇಲೆ ಹಸಿರು ಚೀಟಿ ಅಂಟಿಸುವ ಇನ್ನೊಂದು ಸಂಸ್ಥೆಯೂ 2007ರಲ್ಲಿ ಹುಟ್ಟಿತು. ನ್ಯಾಯಾಧೀಶರಿಗೊಬ್ಬ ನ್ಯಾಯಾಧೀಶ! ಶೆಲ್ಡನ್ ಮಹಾಶಯನಂತೂ ಅಮೆರಿಕನ್ ನಾಣ್ಯಶಾಸ್ತ್ರ ಸೊಸೈಟಿಯ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ತನ್ನ ಕಳಪೆಯವನ್ನು ಅಲ್ಲಿ ಇಟ್ಟಿದ್ದನೆಂದು ಆಮೇಲೆ ಬಯಲಾಯಿತು.

ಹಾಗೆಂದು ಚೀಟಿ ಎಸೆಯಬೇಕಾಗಿಲ್ಲ. ನಕಲಿಯಲ್ಲ, ತಿದ್ದಿಲ್ಲ ಎಂಬ ಭರವಸೆ ಅದರಲ್ಲಿದೆ. ಬಿಲ್ಲೆಯೇ ನಕಲಿ ಇರಬಹುದಾದ್ದರಿಂದ ಚೀಟಿಯ ನಂಬರನ್ನು ಸಂಸ್ಥೆಯ ಪಟ್ಟಿಯಲ್ಲಿ ತಾಳೆ ನೋಡಬೇಕು, ಅಷ್ಟೆ. ಆಮೇಲೆ ಕಣ್ಣಿನ ಕೆಲಸ. ದೀಪದ ಕೆಳಗೆ ನಿಧಾನವಾಗಿ ವಾಲಿಸಿದರೆ ಹೊಳಪಿನ ಗೆರೆಗಳು ಬಂಡಿಯ ಚಕ್ರದ ಅರಗಳಂತೆ ಸುತ್ತಬೇಕು. ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಪುಕ್ಕ ಎಳೆಎಳೆಯಾಗಿರಬೇಕು. ಹದ್ದಿನ ಕೆಳಗೆ ‘ಎಸ್’ ಇದ್ದರೆ ಸ್ಯಾನ್‌ಫ್ರಾನ್ಸಿಸ್ಕೋದ್ದು. 1881ರ ಅಲ್ಲಿನ ನಾಣ್ಯಗಳು ಹೇರಳ, ಅಚ್ಚೂ ಸೊಗಸು. ‘ಓ’ ಇದ್ದರೆ ನ್ಯೂ ಆರ್ಲಿಯನ್ಸ್. ಅಲ್ಲಿನ ಅಚ್ಚು ಎಷ್ಟೋ ಸಲ ಮೆದು, ಎದೆ ಚಪ್ಪಟೆ. ಅದನ್ನು ಸವೆತ ಎಂದು ತಪ್ಪು ತಿಳಿಯಬಾರದು. ಸವೆದಲ್ಲಿ ಹೊಳಪೂ ಹೋಗಿರುತ್ತದೆ.

ಯಾವ ಇಸವಿಯವು ಎಷ್ಟು ಉಳಿದಿವೆ ಎಂಬುದೂ ಬೆಲೆಯ ಮಾತೇ. 1918ರ ಒಂದು ಕಾನೂನಿನಿಂದ ಇಪ್ಪತ್ತೇಳು ಕೋಟಿ ಬೆಳ್ಳಿ ಡಾಲರು ಕರಗಿಹೋದವು. ಯಾವ ಇಸವಿಯವು ಎಷ್ಟು ಎಂದು ಬರೆದಿಡಲೂ ಇಲ್ಲ. ಆ ಬೆಳ್ಳಿಯ ಬಹುಪಾಲು ಬ್ರಿಟನ್ನಿನ ಕೈಸೇರಿ ನಮ್ಮ ದೇಶದ ರೂಪಾಯಿಗೆಂದು ಹಡಗು ಹತ್ತಿತು. ರೂಪಾಯಿ ಕರಗಿಸಿ ಒಡವೆ ಮಾಡಿಸುತ್ತಿದ್ದ ಕಾಲ. ನಮ್ಮಜ್ಜಿಯ ಕಾಲಕಡಗದಲ್ಲಿ ಮೇಡಂ ಆ್ಯನಾರ ಕೆನ್ನೆಯ ಚೂರೂ ಇದ್ದಿರಬಹುದು ಅಂದುಕೊಂಡೆವು.

ನಮ್ಮ ಹದಿಮೂರರಲ್ಲಿ 65ರ ಒಂದಕ್ಕೆ ಕಣ್ಣಿನ ಪಕ್ಕದಿಂದ ಬಾಯಿಯವರೆಗೆ ಗೀರಿತ್ತು. ಚೀಟಿ ಏನೇ ಹೇಳಲಿ, ನಾನಾದರೆ 64 ಕೊಡುತ್ತಿದ್ದೆ. ಬೆಲೆಯ ಪುಸ್ತಕದಲ್ಲಿ 65ಕ್ಕೆ ನೂರೈವತ್ತರ ಆಸುಪಾಸು ಇತ್ತು. ಆದರೆ ಅದು ಮಾರುವವರ ಆಸೆಯ ಬೆಲೆ. ಹರಾಜಿನಲ್ಲಿ ಜನ ನಿಜಕ್ಕೂ ಕೊಟ್ಟದ್ದು ನೂರಿಪ್ಪತ್ತರ ಸುತ್ತ. ಅಂಗಡಿಯವನೂ ಬದುಕಬೇಕಲ್ಲ, ಅದರಲ್ಲಿ ಮುಕ್ಕಾಲು ಪಾಲು ಕೊಟ್ಟರೆ ನ್ಯಾಯ. ಹಾಗೆ ನೋಡಿದರೆ ಮೊದಲಿನವನ ಅರವತ್ತು 64ರವಕ್ಕೆ ಸರಿಯಾದ ಬೆಲೆಯೇ. ಎಲ್ಲವನ್ನೂ ಒಂದೇ ಬುಟ್ಟಿಯ ಬದನೆಕಾಯಿಯಂತೆ ತೂಗಿದ್ದು ಅವನ ತಪ್ಪು. ನೋಡದೆ ಬೆಲೆ ಕಟ್ಟುವುದು ವ್ಯಾಪಾರವಲ್ಲ, ಎದುರಿಗೆ ಕೂತವಳ ಅಜ್ಞಾನಕ್ಕೆ ಬೆಲೆ ಕಟ್ಟುವುದು.

ಮೂರನೆಯ ಅಂಗಡಿಯ ಮುದುಕ ಒಂದೊಂದನ್ನೂ ದೀಪಕ್ಕೆ ಹಿಡಿದ. ಗೀರಿನದನ್ನು ತಾನೇ ಬದಿಗಿಟ್ಟ. ಒಟ್ಟು 1,060 ಡಾಲರು ಬಂತು, ಮೊದಲಿನವನ ಲೆಕ್ಕದಲ್ಲಿ 780.

ಆಗ ಅಕ್ಕ ಕೈಚೀಲದಿಂದ ಹದಿನಾಲ್ಕನೆಯದನ್ನು ತೆಗೆದಳು. 1921ರದು, ಬಿಲ್ಲೆಯಿಲ್ಲ. ಭಾವ ಮೊದಲು ತಂದುಕೊಟ್ಟದ್ದಂತೆ. ಇಪ್ಪತ್ತು ವರ್ಷ ವರಮಹಾಲಕ್ಷ್ಮಿಯ ತಟ್ಟೆಯಲ್ಲಿಟ್ಟು, ಪ್ರತಿ ಶ್ರಾವಣದಲ್ಲೂ ವಿಭೂತಿ ಹಾಕಿ ಉಜ್ಜಿದ್ದಳು. ಕನ್ನಡಿಯಂತೆ ಫಳಫಳ. ಮುದುಕ ವಾಲಿಸಿ ನೋಡಿದ. ಚಕ್ರ ಸುತ್ತಲಿಲ್ಲ, ಮೈತುಂಬ ಕೂದಲೆಳೆಯ ಗೀರು. “ತೊಳೆದಿದ್ದೀರಲ್ಲಮ್ಮ, ಇದಕ್ಕೆ ಬೆಳ್ಳಿಯ ಬೆಲೆ ಮಾತ್ರ” ಎಂಬರ್ಥದಲ್ಲಿ ಏನೋ ಹೇಳಿ ಸಂಕೋಚದಿಂದ ಹನ್ನೆರಡು ಡಾಲರು ಎಣಿಸಿದ. ಅಕ್ಕ ನಾಣ್ಯವನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, “ನಡಿ, ಹೊತ್ತಾಯ್ತು” ಅಂದಳು.